ಅಡ್ಮಿನ್‌ನಲ್ಲಿ ಕಾಣುವ ಪುಸ್ತಕ ಸೈಟ್‌ನಲ್ಲಿ ಯಾಕಿಲ್ಲ?

ಪ್ರಶ್ನೆ: ನಮ್ಮೂರ ಗ್ರಂಥಾಲಯದ ಪುಸ್ತಕಗಳ ಪಟ್ಟಿಯನ್ನು ಸ್ಟ್ರಾಪಿ 5ರಲ್ಲಿ (ಸೈಟ್‌ನ ಮಾಹಿತಿಯನ್ನು ಇಟ್ಟು ನಿರ್ವಹಿಸುವ ತಂತ್ರಾಂಶ) ಮಾಡಿದ್ದೇನೆ. ಅಡ್ಮಿನ್ ಪ್ಯಾನೆಲ್‌ನಲ್ಲಿ ಎಲ್ಲ ಸರಿಯಾಗಿದೆ. ವೆಬ್‌ಸೈಟ್‌ನಿಂದ ಕೇಳಿದರೆ ಮಾತ್ರ 403 ಬರುತ್ತದೆ. ರೂಟ್‌ಗಳನ್ನು, ಅಂದರೆ ಸೈಟ್ ಮಾಹಿತಿ ಕೇಳುವ ವಿಳಾಸಗಳನ್ನು, ನಾನೇ ಬರೆಯಬೇಕಾ? ಡಿಲೀಟ್ ರೂಟ್ ಕೂಡ ತಾನಾಗಿಯೇ ಇರುತ್ತದಂತೆ. ಯಾರಾದರೂ ಪುಸ್ತಕಗಳನ್ನೆಲ್ಲ ಅಳಿಸಿಬಿಟ್ಟರೆ?
– ಓದುಗರೊಬ್ಬರು, ಶಿರಸಿ

ಉತ್ತರ: ಏನೂ ಬರೆಯಬೇಕಾಗಿಲ್ಲ. ನೀವು ‘ಬುಕ್’ ಅಂತ ಕಲೆಕ್ಷನ್ ಟೈಪ್ (ಒಂದೇ ಬಗೆಯ ಮಾಹಿತಿಯ ಮಾದರಿ) ಮಾಡಿ ಸೇವ್ ಒತ್ತಿದಾಗಲೇ ಐದು ರೂಟ್ ಸಿದ್ಧವಾಗಿವೆ. ಪಟ್ಟಿ ತರಲು ಒಂದು ಗೆಟ್, ಒಂದೇ ಪುಸ್ತಕ ತರಲು ಇನ್ನೊಂದು ಗೆಟ್, ಸೇರಿಸಲು ಪೋಸ್ಟ್, ತಿದ್ದಲು ಪುಟ್, ಅಳಿಸಲು ಡಿಲೀಟ್. ರೂಟ್ ಇಲ್ಲದಿದ್ದರೆ 404 ಬರುತ್ತಿತ್ತು. 403 ಅಂದರೆ ರೂಟ್ ಇದೆ, ನಿಮಗೆ ಅನುಮತಿ ಇಲ್ಲ ಅಷ್ಟೇ.

ಹಾಗಾದರೆ ಅಡ್ಮಿನ್‌ನಲ್ಲಿ ಹೇಗೆ ಕಾಣುತ್ತದೆ ಅಂತೀರಾ? ಅಡ್ಮಿನ್ ಪ್ಯಾನೆಲ್ ಈ ಐದರ ತಂಟೆಗೇ ಹೋಗುವುದಿಲ್ಲ. ಅದು ಕಂಟೆಂಟ್ ಮ್ಯಾನೇಜರ್ ಎಂಬ ಅಡ್ಮಿನ್ ಭಾಗದ ಬೇರೆ ರೂಟ್‌ಗಳಲ್ಲಿ, ಅಡ್ಮಿನ್ ಲಾಗಿನ್ ಮೇಲೆ ನಡೆಯುತ್ತದೆ. ಹೊರಗಿನವರಿಗೆ ಎಲ್ಲವೂ ಮೊದಲಿಂದಲೇ ಬಂದ್. ಹಾಗಾಗಿ ಡಿಲೀಟ್ ಬಗ್ಗೆ ಸುಮ್ನೆ ಹೆದರಬೇಡಿ.

ಸೆಟ್ಟಿಂಗ್ಸ್‌ನಲ್ಲಿ ಯೂಸರ್ಸ್ ಆ್ಯಂಡ್ ಪರ್ಮಿಷನ್ಸ್, ಅದರೊಳಗೆ ರೋಲ್ಸ್, ಅಲ್ಲಿ ಪಬ್ಲಿಕ್ (ಲಾಗಿನ್ ಆಗದವರ ರೋಲ್) ತೆರೆಯಿರಿ. ಬುಕ್ ಕೆಳಗೆ ‘ಫೈಂಡ್’ (ಪಟ್ಟಿ ತರಲು) ಮತ್ತು ‘ಫೈಂಡ್‌ಒನ್’ (ಒಂದೇ ಪುಸ್ತಕ ತರಲು) ಎರಡಕ್ಕೆ ಮಾತ್ರ ಟಿಕ್ ಹಾಕಿ. ಪಕ್ಕದಲ್ಲೇ ‘ಸೆಲೆಕ್ಟ್ ಆಲ್’ ಇದೆ, ಅದನ್ನು ಮುಟ್ಟಲೇಬೇಡಿ. 403 ಹೋದರೆ ಸಾಕಪ್ಪಾ ಅಂತ ಜನ ಅದನ್ನೇ ಒತ್ತುತ್ತಾರೆ. ಆಮೇಲೆ ಲಾಗಿನ್ ಇಲ್ಲದೆಯೇ ಯಾರು ಬೇಕಾದರೂ ಅಳಿಸಬಹುದು. ಪುಸ್ತಕ ಸೇರಿಸುವ ಆ್ಯಪ್ ಏನಾದರೂ ಮಾಡುವುದಿದ್ದರೆ ಎಪಿಐ ಟೋಕನ್ (ಆ್ಯಪ್‌ಗೆ ಕೊಡುವ ಗುಪ್ತ ಕೀಲಿ) ಮಾಡಿಕೊಳ್ಳಿ. ಅದರಲ್ಲೂ ‘ಫುಲ್ ಆ್ಯಕ್ಸೆಸ್’ ಬೇಡ, ‘ಕಸ್ಟಮ್’ ಆರಿಸಿ ಬೇಕಾದ್ದಕ್ಕಷ್ಟೇ ಟಿಕ್ ಕೊಡಿ.

ಓದುವುದಷ್ಟೇ ಸಾಕು ಅಂತಾದರೆ ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಬುಕ್‌ನ ರೂಟ್ಸ್ ಫೈಲಿನಲ್ಲಿ ‘ಕ್ರಿಯೇಟ್‌ಕೋರ್‌ರೂಟರ್’ ಅಂತ ಇರುತ್ತದೆ. ಅದಕ್ಕೆ ‘ಓನ್ಲಿ’ ಎಂಬ ಆಯ್ಕೆ ಕೊಟ್ಟು ‘ಫೈಂಡ್’, ‘ಫೈಂಡ್‌ಒನ್’ ಎಂಬ ಅದೇ ಎರಡು ಹೆಸರು ಬರೆದರೆ ಉಳಿದ ಮೂರು ರೂಟ್ ಹುಟ್ಟುವುದೇ ಇಲ್ಲ. ನಾಳೆ ಯಾರೋ ತಪ್ಪು ಟಿಕ್ ಹಾಕಿದರೂ ಚಿಂತೆಯಿಲ್ಲ.

ಮುಂದಿನ ಪತ್ರ ಇದೇ ಇರುತ್ತದೆ ಅಂತ ಗೊತ್ತು, ಈಗಲೇ ಹೇಳಿಬಿಡುತ್ತೇನೆ. ಪಟ್ಟಿಯಲ್ಲಿ ಒಮ್ಮೆಗೆ 25 ಪುಸ್ತಕ ಮಾತ್ರ ಬರುತ್ತವೆ. ಪೇಜ್‌ಸೈಜ್ (ಒಂದು ಪುಟಕ್ಕೆ ಎಷ್ಟು ಎಂಬ ಸಂಖ್ಯೆ) ಜಾಸ್ತಿ ಮಾಡಬಹುದು, ಆದರೆ ಸಾಮಾನ್ಯವಾಗಿ 100ಕ್ಕೆ ನಿಲ್ಲುತ್ತದೆ. ಆಮೇಲೆ ಪುಟ ಪುಟವಾಗಿಯೇ ಕೇಳಬೇಕು. ಡ್ರಾಫ್ಟ್‌ನಲ್ಲಿರುವ ಪುಸ್ತಕ ಬರುವುದಿಲ್ಲ, ಪಬ್ಲಿಶ್ ಒತ್ತಿ. ಲೇಖಕರನ್ನು ಬೇರೆ ಟೈಪ್ ಮಾಡಿ ರಿಲೇಶನ್ (ಪುಸ್ತಕಕ್ಕೂ ಲೇಖಕರಿಗೂ ಕೊಂಡಿ) ಕೊಟ್ಟಿದ್ದರೆ ಅವರ ಹೆಸರೂ ತಾನಾಗಿ ಬರುವುದಿಲ್ಲ. ಕೇಳುವ ವಿಳಾಸಕ್ಕೆ ‘ಪಾಪ್ಯುಲೇಟ್’ ಸೇರಿಸಬೇಕು, ಜೊತೆಗೆ ಲೇಖಕರ ಟೈಪಿಗೂ ಪಬ್ಲಿಕ್‌ನಲ್ಲಿ ‘ಫೈಂಡ್’ ಟಿಕ್ ಬೇಕು. ಈ ಎರಡನೆಯದನ್ನು ಮರೆತು ಗಂಟೆಗಟ್ಟಲೆ ತಲೆ ಕೆರೆದುಕೊಳ್ಳುವವರೇ ಜಾಸ್ತಿ. ಇನ್ನು ಯೂಟ್ಯೂಬ್‌ನ ಹಳೆ ವಿಡಿಯೊ ನೋಡಿ ಒಂದೇ ಪುಸ್ತಕವನ್ನು 1, 2 ಅಂತ ಐಡಿ ಕೊಟ್ಟು ಕೇಳಬೇಡಿ. ಅದು 4ನೇ ಆವೃತ್ತಿಯ ಕ್ರಮ. 5ರಲ್ಲಿ ಅಕ್ಷರ, ಅಂಕಿ ಬೆರೆತ ಉದ್ದನೆಯ ಡಾಕ್ಯುಮೆಂಟ್ ಐಡಿಯನ್ನೇ ಕೊಡಬೇಕು.