ಲಾ ರೊಟೊಂಡಾ ಯಾರ ಮನೆ?

ಪ್ರಶ್ನೆ: ಇಟಲಿಯ ವಿಚೆಂಜಾ ಬಳಿಯ ಲಾ ರೊಟೊಂಡಾ ಭವನವನ್ನು ವಿಲ್ಲಾ ಕಾಪ್ರಾ ಎಂದೂ ಕರೆಯುತ್ತಾರೆ. ಅದನ್ನು ಕಟ್ಟಿಸಿದವರು ಕಾಪ್ರಾ ಮನೆತನದವರೇ?

ಉತ್ತರ: ಅಲ್ಲ. ರೋಮಿನ ಪೋಪರ ಸೇವೆಯಿಂದ ಊರಿಗೆ ಮರಳಿದ ಪಾದ್ರಿ ಪಾವೊಲೊ ಅಲ್ಮೆರಿಕೊ, 1560ರ ದಶಕದಲ್ಲಿ ವಾಸ್ತುಶಿಲ್ಪಿ ಪಲ್ಲಾಡಿಯೊನಿಂದ ಇದನ್ನು ಕಟ್ಟಿಸಲಾರಂಭಿಸಿದ. 1580ರಲ್ಲಿ ಪಲ್ಲಾಡಿಯೊ ತೀರಿಕೊಂಡ ಬಳಿಕ ಇನ್ನೊಬ್ಬ ವಾಸ್ತುಶಿಲ್ಪಿ ಸ್ಕಮೊಜ್ಜಿ ಕೆಲಸ ಮುಂದುವರಿಸಿದ. ಅಲ್ಮೆರಿಕೊನ ಮಗ 1591ರಲ್ಲಿ ಅದನ್ನು ಕಾಪ್ರಾ ಸಹೋದರರಿಗೆ ಮಾರಿದ. ನನ್ನನ್ನು ಬಹುವಾಗಿ ಸೆಳೆಯುವುದು ಭವನದ ಹೊರಮುಖಗಳ ಮೇಲಿರುವ ಲ್ಯಾಟಿನ್ ಶಾಸನ: ಮಾರಿಯೊ ಕಾಪ್ರಾ ಈ ಮನೆಯನ್ನೂ ಅದಕ್ಕೆ ಸೇರಿದ ಹೊಲ, ಕಣಿವೆ, ಗುಡ್ಡಗಳನ್ನೂ ಜ್ಯೇಷ್ಠಪುತ್ರನ ಹಕ್ಕಿನ ಕಟ್ಟುನಿಟ್ಟಾದ ನಿಯಮಕ್ಕೆ ಒಳಪಡಿಸಿದನೆಂದು ಅದು ಸಾರುತ್ತದೆ, ಅಂದರೆ ಆಸ್ತಿ ಹಂಚಿಹೋಗದಂತೆ ತಡೆಯುವ ಹಟವನ್ನು ಕಲ್ಲಿನಲ್ಲೇ ಕೆತ್ತಿಸಲಾಗಿದೆ. ಆದರೂ 1912ರಲ್ಲಿ ಭವನವು ವಲ್ಮರಾನಾ ಮನೆತನದ ಪಾಲಾಯಿತು.