ನಾಣ್ಯದ ಮೇಲಿರುವ ಮುಖ ಅಲೆಕ್ಸಾಂಡರನದಲ್ಲ

ಹಳೆಯ ನಾಣ್ಯಗಳ ಬಗ್ಗೆ ಈ ಸಲವೂ ಅವೇ ಪ್ರಶ್ನೆಗಳು. ಮುಂದಿನ ತಿಂಗಳಾದರೂ ಬರದಿರಲಿ ಅಂತ ಬರೆಯುತ್ತಿದ್ದೇನೆ.

ಪ್ರಶ್ನೆ: ಅಜ್ಜನ ಪೆಟ್ಟಿಗೆಯಲ್ಲಿ ಅಲೆಕ್ಸಾಂಡರನ ಮುಖ ಇರುವ ಬೆಳ್ಳಿ ನಾಣ್ಯ ಸಿಕ್ಕಿದೆ. ಫೋಟೋ ಕಳಿಸಿದ್ದೇನೆ. ಎಷ್ಟು ಲಕ್ಷ ಬರಬಹುದು?

ಉತ್ತರ: ಆ ಮುಖ ಅವನದಲ್ಲ. ಸಿಂಹದ ತೊಗಲು ತಲೆಗೆ ಹೊದ್ದವನು ಗ್ರೀಕ್ ಪುರಾಣದ ವೀರ ಹೆರಾಕ್ಲಿಸ್. ಟಗರಿನ ಕೊಂಬಿಟ್ಟ ಅಲೆಕ್ಸಾಂಡರನ ಮುಖ ನಾಣ್ಯಕ್ಕೆ ಬಂದದ್ದು ಅವನು ಸತ್ತ ಮೇಲೆ. ಅಂದಹಾಗೆ ನಿಮ್ಮ ನಾಣ್ಯದ ಅಂಚಿನ ಸುತ್ತ ಗೆರೆ ಇದೆ. ಎರಕ ಹೊಯ್ದದ್ದು, ಅಂದರೆ ನಕಲಿ. ಆಗಿನವರು ಬೆಳ್ಳಿಬಿಲ್ಲೆಯನ್ನು ಸುತ್ತಿಗೆಯಿಂದ ಬಡಿದು ಅಚ್ಚು ಒತ್ತುತ್ತಿದ್ದರು. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದೀರಿ ಅಂತಲೂ ಕಾಣುತ್ತದೆ. ಇದಕ್ಕೇನೋ ಸರಿ, ಮುಂದೆ ಅಸಲಿ ಸಿಕ್ಕರೆ ಹಾಗೆ ಮಾಡಬೇಡಿ.

ಪ್ರಶ್ನೆ: ಅಲೆಕ್ಸಾಂಡರ್ ಕರ್ನಾಟಕಕ್ಕೆ ಬಂದಿದ್ದನೇ?

ಉತ್ತರ: ಇಲ್ಲ. ಕ್ರಿ.ಪೂ. 326ರಲ್ಲಿ ಪಂಜಾಬಿನ ಬಿಯಾಸ್ ನದಿಯ ಹತ್ತಿರದಿಂದಲೇ ವಾಪಸ್ ಹೋದ. ಹಾಗಾದರೆ ಬೆಂಗಳೂರಿನ ಯಶವಂತಪುರದಲ್ಲಿ ಹೊರನಾಡಿನ ಹಳೆಯ ನಾಣ್ಯ ಸಿಕ್ಕಿದ್ದು ಹೇಗೆ ಅನ್ನಬೇಡಿ, ಅವು ರೋಮನ್ ನಾಣ್ಯಗಳು. ಅವು ಬಂದದ್ದು ವ್ಯಾಪಾರದಿಂದ.

ಪ್ರಶ್ನೆ: ಗ್ರೀಕರು ಯುದ್ಧ ಗೆದ್ದು ಪೂರ್ವದವರಿಗೆ ಸಂಸ್ಕೃತಿ ಕಲಿಸಿದರು ಅಂತ ಓದಿದ್ದೇನೆ. ಗೆದ್ದವರದ್ದೇ ಅಲ್ವಾ ಹರಡುವುದು?

ಉತ್ತರ: ಇದನ್ನು ಓದಿದಾಗೆಲ್ಲ ನನಗೆ ಆರು ಪುಟ್ಟ ನಾಣ್ಯಗಳು ನೆನಪಾಗುತ್ತವೆ. 1970ರಲ್ಲಿ ಅವು ಸಿಕ್ಕಿದ್ದು ಅಫ್ಘಾನಿಸ್ತಾನದ ಐ ಖಾನೂಮಿನಲ್ಲಿ. ಅದು ಗ್ರೀಕರ ಊರು. ವ್ಯಾಯಾಮಶಾಲೆ, ನಾಟಕದ ರಂಗ ಎಲ್ಲ ಇತ್ತು. ನಾಣ್ಯ ಹೊಡೆಸಿದವನು ಅಗಾಥೊಕ್ಲಿಸ್, ಕ್ರಿ.ಪೂ. 180ರ ಆಸುಪಾಸಿನ ಗ್ರೀಕ್ ರಾಜ. ಒಂದು ಬದಿಯಲ್ಲಿ ನೇಗಿಲು, ಒನಕೆ ಹಿಡಿದ ಸಂಕರ್ಷಣ, ಅಂದರೆ ನಮ್ಮ ಬಲರಾಮ. ಸುತ್ತ ಗ್ರೀಕ್ ಅಕ್ಷರ. ಇನ್ನೊಂದು ಬದಿಯಲ್ಲಿ ಚಕ್ರ, ಶಂಖ ಹಿಡಿದ ವಾಸುದೇವ. ಅಲ್ಲಿ ಇಲ್ಲಿನ ಹಳೆಯ ಬ್ರಾಹ್ಮಿ ಲಿಪಿಯಲ್ಲಿ ರಾಜನ ಹೆಸರು. ಆಕಾರವೂ ಗ್ರೀಕರ ದುಂಡು ಬಿಲ್ಲೆಯಲ್ಲ, ಇಲ್ಲಿನ ಚೌಕ.

ಗೆದ್ದವನು ಯಾಕೆ ಹೀಗೆ ಮಾಡಿದ? ಸೈನಿಕನಿಗೆ ಸಂಬಳ ಕೊಟ್ಟರೆ ಸಾಲದು, ಆ ದುಡ್ಡನ್ನು ಅಂಗಡಿಯವನು ತೆಗೆದುಕೊಳ್ಳಬೇಕು. ಅಂಗಡಿಯವನು ತನಗೆ ಗುರುತಿರುವ ನಾಣ್ಯವನ್ನಷ್ಟೇ ನಂಬುತ್ತಾನೆ. ಹೈದರಾಲಿ 1763ರಲ್ಲಿ ಬಿದನೂರು ಹಿಡಿದ ಮೇಲೂ ಅಲ್ಲಿನ ಚಿನ್ನದ ನಾಣ್ಯವಾದ ವರಹದ ಮೇಲಿನ ಶಿವ-ಪಾರ್ವತಿಯರನ್ನು ತೆಗೆಸಲಿಲ್ಲ. ಹಿಂಬದಿಗೆ ತನ್ನ ಹೆಸರಿನ ಒಂದಕ್ಷರ ಹಾಕಿಸಿ ಸುಮ್ಮನಾದ. ಲೆಕ್ಕ ಅದೇ.

ಹಾಗಂತ ಗ್ರೀಕರೇ ಇಲ್ಲಿನವರಾಗಿ ಕರಗಿಹೋದರು ಅಂತ ಎದೆ ತಟ್ಟಿಕೊಳ್ಳುವವರಿಗೂ ಒಂದು ಮಾತು. ಗ್ರೀಕ್ ರಾಜರೆಲ್ಲ ಹೋದ ಎಷ್ಟೋ ಕಾಲದ ಮೇಲೆ ಕುಷಾಣ ದೊರೆ ಕನಿಷ್ಕ ತನ್ನ ನಾಣ್ಯದಲ್ಲಿ ಬುದ್ಧನ ಚಿತ್ರದ ಪಕ್ಕ 'ಬೊದ್ದೊ' ಅಂತ ಬರೆಸಿದ್ದು ಗ್ರೀಕ್ ಲಿಪಿಯಲ್ಲಿ. ಗುಜರಾತಿನ ಕಡೆ ಆಳಿದ ಕ್ಷತ್ರಪರೆಂಬ ಶಕ ದೊರೆಗಳ ನಾಣ್ಯಗಳಲ್ಲಂತೂ ಆ ಗ್ರೀಕ್ ಅಕ್ಷರಗಳು ಬರಬರುತ್ತಾ ಅರ್ಥವಿಲ್ಲದ ಗೀಟುಗಳಾದವು. ಓದುವವರು ಯಾರೂ ಉಳಿದಿರಲಿಲ್ಲ, ಆದರೂ ಅಂಚಿನಲ್ಲಿ ಗೀಟು ಇರಲೇಬೇಕಿತ್ತು. ಅವರ ಮೇಲೆ ಆಗ ಯಾವ ಗ್ರೀಕ್ ಸೇನೆಯ ಒತ್ತಾಯವಿತ್ತು ಹೇಳಿ? ಗ್ರೀಕರ ಬೆಳ್ಳಿ ನಾಣ್ಯದ ಹೆಸರು 'ದ್ರಾಖ್ಮೆ'ಯೇ ಸವೆದು ಸವೆದು 'ದ್ರಮ್ಮ'ವಾಗಿ ನಮ್ಮ ಕನ್ನಡ ಶಾಸನಗಳಿಗೆ ಬಂದಿದೆ. ಅಲೆಕ್ಸಾಂಡರ್ ಕಾಲಿಡದ ನಾಡಿಗೆ ಅವನ ಕಡೆಯ ದುಡ್ಡಿನ ಹೆಸರು ಬಂತು.

ಪ್ರಶ್ನೆ: ಯವನ, ಅಂದರೆ ಗ್ರೀಕ್ ನಾಣ್ಯ ದೇವರಮನೆಯಲ್ಲಿಟ್ಟರೆ ಸಂಪತ್ತು ಬರುತ್ತದಂತೆ, ನಿಜವೇ?

ಉತ್ತರ: ಮಾರುವವನಿಗೆ ಬರುತ್ತದೆ.

ಪ್ರಶ್ನೆ: ಹೊಲ ಉಳುವಾಗ ಕುಡಿಕೆ ತುಂಬ ನಾಣ್ಯ ಸಿಕ್ಕಿದೆ. ಗುಟ್ಟಾಗಿ ನೋಡಿ ಹೇಳುತ್ತೀರಾ?

ಉತ್ತರ: ನೋಡುವುದಿಲ್ಲ. ನೆಲದಲ್ಲಿ ಸಿಕ್ಕ ನಿಧಿಗೆ 1878ರಿಂದಲೂ ಕಾನೂನಿದೆ. ಜಿಲ್ಲಾಧಿಕಾರಿಗೆ ತಿಳಿಸಿ. ಕುಡಿಕೆಯನ್ನೂ ಎಸೆಯಬೇಡಿ, ನನಗೆ ನಾಣ್ಯಕ್ಕಿಂತ ಅದರ ಮೇಲೇ ಆಸೆ ಜಾಸ್ತಿ.