ಓದುಗರ ಪ್ರಶ್ನೆ, ಮಾಸ್ತರರ ಉತ್ತರ: ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಐಇಎಲ್‌ಟಿಎಸ್

ಪ್ರಶ್ನೆ: ಮಾಸ್ತರರಿಗೆ ನಮಸ್ಕಾರ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪ್ಲಸ್ ಟು ಮತ್ತು ರಸಾಯನಶಾಸ್ತ್ರದ ಬಿ.ಎಸ್ಸಿ.ಯನ್ನು ಇಂಗ್ಲಿಷಿನಲ್ಲಿ ಮುಗಿಸಿದ್ದೇನೆ. ಐರ್ಲೆಂಡಿನಲ್ಲಿ ಎಂ.ಎಸ್ಸಿ. ಮಾಡುವ ಆಸೆ ಇದೆ. ಅಲ್ಲಿನ ವಿಶ್ವವಿದ್ಯಾಲಯ ಐಇಎಲ್‌ಟಿಎಸ್ ಅಕಾಡೆಮಿಕ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಒಟ್ಟು 6.5 ಬ್ಯಾಂಡ್ (ಗರಿಷ್ಠ 9) ಬೇಕು, ಯಾವ ವಿಭಾಗದಲ್ಲೂ 6ಕ್ಕಿಂತ ಕಡಿಮೆ ಇರಬಾರದು ಎನ್ನುತ್ತದೆ. ತರಬೇತಿ ಕೇಂದ್ರವೊಂದು ನಡೆಸಿದ ಮಾದರಿ ಪರೀಕ್ಷೆಯಲ್ಲಿ ನನಗೆ ಲಿಸನಿಂಗ್ 7, ರೀಡಿಂಗ್ 6.5, ಸ್ಪೀಕಿಂಗ್ 6, ರೈಟಿಂಗ್ 5.5 ಬಂತು. "ಕನ್ನಡ ಮಾಧ್ಯಮದವರಿಗೆ ರೈಟಿಂಗ್ ಒಲಿಯುವುದಿಲ್ಲ, ನಾವು ಕೊಡುವ ಐವತ್ತು ಪ್ರಬಂಧಗಳನ್ನು ಬಾಯಿಪಾಠ ಮಾಡಿದರೆ ಸಾಕು" ಎಂದರು. ಅಲ್ಲಿಗೆ ಸೇರಬಹುದೇ?
(ಓದುಗಿ, ಬದಿಯಡ್ಕ)

ಉತ್ತರ: ಸೇರಬೇಡಿ. ಬಾಯಿಪಾಠದ ಬರಹವನ್ನು ಗುರುತಿಸುವುದು ಈ ಪರೀಕ್ಷಕರಿಗೆ ಕಷ್ಟವಲ್ಲ, ಅದಕ್ಕೆಂದೇ ಅವರಿಗೆ ತರಬೇತಿ ಇರುತ್ತದೆ. ಕೇಳಿದ್ದು ಒಂದು, ಬರೆದದ್ದು ಇನ್ನೊಂದು ಎಂದಾದರೆ ವಾಕ್ಯಗಳು ಎಷ್ಟೇ ನಯವಾಗಿದ್ದರೂ ಬ್ಯಾಂಡ್ ಇಳಿಯುತ್ತದೆ. ಇಂಥ ಸಲಹೆಗೆ ಹಣ ತೆಗೆದುಕೊಳ್ಳುವುದೇ ಅನ್ಯಾಯ.

ಆದರೆ ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ನೋವುಂಟುಮಾಡಿದ್ದು "ಕನ್ನಡ ಮಾಧ್ಯಮದವರಿಗೆ ಒಲಿಯುವುದಿಲ್ಲ" ಎಂಬ ಮಾತು. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುತ್ತಲೇ ನಿವೃತ್ತನಾದವನು ನಾನು. ಮನೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ತರಗತಿಯಲ್ಲಿ ಕನ್ನಡ ಎಂದು ಬೆಳೆದ ನಮ್ಮ ಮಕ್ಕಳು ಗೊತ್ತಿಲ್ಲದ ಪದವೊಂದು ಎದುರಾದರೆ ಹಿಂದುಮುಂದಿನ ಮಾತಿನಿಂದ ಅದರ ಅರ್ಥ ಹಿಡಿಯುವುದನ್ನು ಐದನೆಯ ವಯಸ್ಸಿಗೇ ಕಲಿತಿರುತ್ತಾರೆ. ನಿಮಗೆ ಲಿಸನಿಂಗ್‌ನಲ್ಲಿ 7 ಬಂದದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ಬರವಣಿಗೆ ಹಿಂದೆ ಬಿದ್ದಿರುವುದಕ್ಕೆ ಕಾರಣ ಬೇರೆ. ನಿಮ್ಮ ಸ್ವಂತ ಅಭಿಪ್ರಾಯವನ್ನು ಇಂಗ್ಲಿಷಿನಲ್ಲಿ ಬರೆಯಿರಿ ಎಂದು ಇಷ್ಟು ವರ್ಷಗಳಲ್ಲಿ ಯಾರೂ ನಿಮ್ಮನ್ನು ಕೇಳಿಲ್ಲ. ಪಾಠದ ಕೆಳಗಿನ ಪ್ರಶ್ನೆಗೆ ಪಾಠದ್ದೇ ಸಾಲು, ಪ್ರಬಂಧಕ್ಕೆ ಗೈಡಿನ ಸಾಲು: ಹೀಗೆಯೇ ಪದವಿಯವರೆಗೆ ಬಂದಿರುತ್ತೀರಿ. ಐವತ್ತು ಪ್ರಬಂಧಗಳ ಬಾಯಿಪಾಠ ಎಂದರೆ ಅದೇ ರೋಗವನ್ನು ಮುಂದುವರಿಸುವುದು.

ಮೊದಲು ಲೆಕ್ಕ ನೋಡೋಣ. ನಾಲ್ಕು ವಿಭಾಗಗಳ ಸರಾಸರಿ ತೆಗೆದು ಹತ್ತಿರದ ಅರ್ಧ ಬ್ಯಾಂಡಿಗೆ ಹೊಂದಿಸುತ್ತಾರೆ. ನಿಮ್ಮ ಅಂಕಗಳ ಮೊತ್ತ 25, ಸರಾಸರಿ 6.25. ಸರಾಸರಿ .25ಕ್ಕೆ ಬಂದು ನಿಂತರೆ ಮೇಲಕ್ಕೆ ಏರಿಸುವುದು ನಿಯಮ, ಆದ್ದರಿಂದ ಒಟ್ಟು 6.5 ಈಗಲೇ ನಿಮ್ಮ ಕೈಯಲ್ಲಿದೆ. ಅಡ್ಡ ನಿಂತಿರುವುದು ರೈಟಿಂಗ್‌ನ ಅರ್ಧ ಬ್ಯಾಂಡ್ ಮಾತ್ರ. ಹೀಗಿರುವಾಗ ನಾಲ್ಕೂ ವಿಭಾಗಗಳಿಗೆ ಸಮಯವನ್ನು ಸಮವಾಗಿ ಹಂಚಬೇಡಿ. ದಿನದ ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಬರವಣಿಗೆಗೇ ಇರಲಿ.

ರೈಟಿಂಗ್‌ಗೆ 60 ನಿಮಿಷ, ಎರಡು ಬರಹ. ಮೊದಲನೆಯದು ಕನಿಷ್ಠ 150 ಪದ: ಒಂದು ನಕ್ಷೆ (ಗ್ರಾಫ್), ಕೋಷ್ಟಕ ಅಥವಾ ಪ್ರಕ್ರಿಯೆಯ ಚಿತ್ರವನ್ನು ಕೊಟ್ಟು ವಿವರಿಸಲು ಹೇಳುತ್ತಾರೆ. ಎರಡನೆಯದು ಕನಿಷ್ಠ 250 ಪದಗಳ ಪ್ರಬಂಧ. ಎರಡನೆಯದಕ್ಕೆ ಮೊದಲನೆಯದರ ದುಪ್ಪಟ್ಟು ತೂಕ. 20 ಮತ್ತು 40 ನಿಮಿಷ ಎಂದು ಅವರೇ ಸೂಚಿಸುತ್ತಾರೆ, ಆ ಸೂಚನೆಯನ್ನು ಮೀರಬೇಡಿ. ನಕ್ಷೆಯ ಮೇಲೆ ಅರ್ಧ ಗಂಟೆ ಕಳೆದು ಪ್ರಬಂಧವನ್ನು ಮುಗಿಸಲಾಗದೆ ಬಂದವರನ್ನು ನಾನು ನೋಡಿದ್ದೇನೆ.

ನಕ್ಷೆಯ ಅಭ್ಯಾಸಕ್ಕೆ ನಿಮ್ಮ ಮನೆಗೆ ಬರುವ ಪತ್ರಿಕೆಯ ಅಡಿಕೆ ಧಾರಣೆಯ ಅಂಕಣವೇ ಸಾಕು. ಹೊಸ ಅಡಿಕೆ, ಹಳೆ ಅಡಿಕೆಗಳ ಧಾರಣೆಯನ್ನು ಒಂದಷ್ಟು ವಾರ ಬರೆದಿಟ್ಟುಕೊಳ್ಳಿ, ಗೆರೆ ಎಳೆದು ನಕ್ಷೆ ಮಾಡಿ, ಬಳಿಕ 150 ಪದಗಳಲ್ಲಿ ಇಂಗ್ಲಿಷಿನಲ್ಲಿ ವಿವರಿಸಿ. ಒಟ್ಟಾರೆ ಏರಿತೇ ಇಳಿಯಿತೇ ಎಂಬುದನ್ನು ಒಂದೆರಡು ವಾಕ್ಯಗಳಲ್ಲಿ ಮೊದಲೇ ಹೇಳಬೇಕು. ಎಲ್ಲ ಸಂಖ್ಯೆಗಳನ್ನೂ ತುಂಬಬೇಡಿ, ಎದ್ದು ಕಾಣುವ ಏರಿಳಿತಗಳನ್ನು ಆರಿಸಿ ಹೋಲಿಸಿ. ಇಲ್ಲಿ ಕೃಷಿಕರ ಮನೆಯ ಮಕ್ಕಳು ಒಂದು ಕಡೆ ಜಾರುತ್ತಾರೆ: ಧಾರಣೆ ಏಕೆ ಏರಿತು ಎಂಬುದು ಅವರಿಗೆ ಗೊತ್ತಿರುತ್ತದೆ, ಮಹಾಳಿ ರೋಗ ಬಂದು ಫಸಲು ಹೋಯಿತು ಎಂದು ಬರೆದುಬಿಡುತ್ತಾರೆ. ನಕ್ಷೆಯಲ್ಲಿ ಇಲ್ಲದ ಕಾರಣ ನಿಮ್ಮ ಬರಹದಲ್ಲೂ ಇರಬಾರದು.

ಪ್ರಬಂಧದಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ನಿಮ್ಮ ತಿಳಿವಳಿಕೆಯಿಂದ, ಅನುಭವದಿಂದ ಉದಾಹರಣೆ ಕೊಡಿ ಎಂದು ಪ್ರಶ್ನೆಯಲ್ಲೇ ಹೇಳಿರುತ್ತಾರೆ. ಮಕ್ಕಳು ಮನೆಮಾತಿನಲ್ಲಿ ಕಲಿಯಬೇಕೇ, ಜಗತ್ತಿನ ದೊಡ್ಡ ಭಾಷೆಯಲ್ಲಿ ಕಲಿಯಬೇಕೇ ಎಂಬ ಪ್ರಶ್ನೆ ಬಂತೆಂದು ಇಟ್ಟುಕೊಳ್ಳಿ. ಗೈಡಿನವರು "ಇಂದಿನ ಆಧುನಿಕ ಯುಗದಲ್ಲಿ ಶಿಕ್ಷಣ ಬಹಳ ಮುಖ್ಯ" ಎಂದು ಶುರು ಮಾಡಿಸುತ್ತಾರೆ. ಆ ಸಾಲಿಗೆ ಏನೂ ಬೆಲೆ ಇಲ್ಲ. ನೀವಾದರೋ ಆಮ್ಲ, ಪ್ರತ್ಯಾಮ್ಲ, ಲವಣಗಳನ್ನು ಕನ್ನಡದಲ್ಲಿ ಅರ್ಥ ಮಾಡಿಕೊಂಡು, ಪ್ಲಸ್ ಟು ತರಗತಿಯಲ್ಲಿ ಅವೇ ವಸ್ತುಗಳ ಇಂಗ್ಲಿಷ್ ಹೆಸರುಗಳನ್ನು ಹೊಸದಾಗಿ ಕಲಿತವರು. ವಿಷಯ ಗೊತ್ತಿದ್ದುದರಿಂದ ಹೆಸರು ಕಲಿಯುವುದು ಸುಲಭವಾಯಿತೇ, ಅಥವಾ ಮೊದಲ ಆರು ತಿಂಗಳು ಕಳೆದುಹೋದವೇ? ಯಾವುದು ನಿಜವೋ ಅದನ್ನೇ ಬರೆಯಿರಿ. ಅಂಥ ಒಂದು ಪ್ಯಾರಾ ಐವತ್ತು ಪ್ರಬಂಧಗಳಲ್ಲಿ ಎಲ್ಲೂ ಸಿಗುವುದಿಲ್ಲ.

ಕಟ್ಟುವ ರೀತಿಯ ಬಗ್ಗೆಯೂ ಒಂದು ಮಾತು. ಕನ್ನಡದಲ್ಲಿ ನಾವು ಕಾರಣಗಳನ್ನು ಒಂದೊಂದಾಗಿ ಜೋಡಿಸಿ ತೀರ್ಮಾನವನ್ನು ಕೊನೆಗೆ ಇಡುತ್ತೇವೆ. ವಾಕ್ಯದಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ. ಈ ಪರೀಕ್ಷೆಯಲ್ಲಿ ನಿಮ್ಮ ನಿಲುವು ಮೊದಲ ಪ್ಯಾರಾದಲ್ಲೇ ಕಾಣುವುದು ಒಳ್ಳೆಯದು. ಆಮೇಲೆ ಪ್ಯಾರಾಕ್ಕೊಂದು ವಿಚಾರ, ಅದಕ್ಕೊಂದು ವಿವರಣೆ, ಒಂದು ಉದಾಹರಣೆ. "ಹೋಗಿ, ನೋಡಿ, ತಿಳಿದು, ಬಂದು" ಎಂದು ಹೆಣೆಯುವ ನಮ್ಮ ಅಭ್ಯಾಸ ಇಂಗ್ಲಿಷಿಗೆ ಬಂದರೆ ನಾಲ್ಕು ಸಾಲಿನ ಉದ್ದನೆಯ ವಾಕ್ಯವಾಗಿ ನಡುವೆ ಕರ್ತೃಪದವೇ ಕಳೆದುಹೋಗುತ್ತದೆ. ಎರಡಾಗಿ ಮುರಿಯಿರಿ.

ಕೊನೆಯ ಐದು ನಿಮಿಷ ತಿದ್ದುವುದಕ್ಕೆ ಉಳಿಸಿಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೋದರೆ ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಒಂದು ಸಲ ನಾಮಪದಗಳ ಹಿಂದಿನ "ಎ", "ದ" ಮಾತ್ರ ನೋಡಿ. ಕನ್ನಡದಲ್ಲಿ ಇವು ಇಲ್ಲದ್ದರಿಂದ ನಮ್ಮ ಬರಹದಲ್ಲಿ ಉದುರಿಹೋಗುವುದು ಇವೇ. ಇನ್ನೊಂದು ಸಲ ಕ್ರಿಯಾಪದದ ಕೊನೆಯ "ಎಸ್" ಮಾತ್ರ ನೋಡಿ. ಇಷ್ಟರಿಂದಲೇ ತಪ್ಪುಗಳು ಬಹಳ ಕಡಿಮೆಯಾಗುತ್ತವೆ. ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆಯುವುದಾದರೆ ಪದಗಳ ಎಣಿಕೆ ಪರದೆಯ ಮೇಲೆ ಕಾಣುತ್ತದೆ, ಕಾಗುಣಿತ ತಿದ್ದುವ ಸೌಲಭ್ಯ ಇರುವುದಿಲ್ಲ. ಮೊಬೈಲಿನಲ್ಲಿ ಹೆಬ್ಬೆರಳಿನಿಂದ ಬರೆಯುವವರಿಗೆ ಕೀಲಿಮಣೆಯ ವೇಗ ಬೇರೆಯೇ ಅಭ್ಯಾಸ, ಅದನ್ನು ಇಂದಿನಿಂದಲೇ ಶುರು ಮಾಡಿ.

ಹಾಗಾದರೆ ತರಬೇತಿಯೇ ಬೇಡವೇ? ಬೇಕಾದದ್ದು ನಿಮ್ಮ ಬರಹವನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಏಕೆ ತಪ್ಪು ಎಂದು ಹೇಳುವ ಒಬ್ಬ ಮನುಷ್ಯ. ನಿಮ್ಮ ಕಾಲೇಜಿನ ಇಂಗ್ಲಿಷ್ ಅಧ್ಯಾಪಕರಲ್ಲಿ ವಾರಕ್ಕೆ ಎರಡು ಬರಹ ನೋಡಿಕೊಡುವಿರಾ ಎಂದು ಸಂಕೋಚವಿಲ್ಲದೆ ಕೇಳಿ. ಹಳೆಯ ವಿದ್ಯಾರ್ಥಿನಿ ಹೀಗೆ ಕೇಳಿದರೆ ಸಂತೋಷಪಡುವ ಅಧ್ಯಾಪಕರು ಇದ್ದೇ ಇದ್ದಾರೆ. ತಿದ್ದಿದ ಬರಹವನ್ನು ಮರುದಿನ ಮತ್ತೆ ಪೂರ್ತಿ ಬರೆಯಿರಿ. ಹೊಸ ವಿಷಯಕ್ಕೆ ಹಾರುವುದಕ್ಕಿಂತ ಇದರಿಂದ ಹೆಚ್ಚು ಲಾಭ. ಪ್ರಶ್ನೆಗಳಿಗೆ ಕೇಂಬ್ರಿಡ್ಜ್‌ನವರು ಪ್ರಕಟಿಸುವ ಪ್ರಶ್ನೆಪತ್ರಿಕೆಗಳ ಪುಸ್ತಕಗಳಿವೆ, ಒಂದೊಂದರಲ್ಲಿ ನಾಲ್ಕು ಪೂರ್ಣ ಪರೀಕ್ಷೆಗಳು. ಒಂದೆರಡು ಪುಸ್ತಕ ಸಾಕು.

ರೀಡಿಂಗ್‌ನಲ್ಲಿ 60 ನಿಮಿಷಕ್ಕೆ ಮೂರು ಲೇಖನ, 40 ಪ್ರಶ್ನೆ. ಉತ್ತರಗಳನ್ನು ವರ್ಗಾಯಿಸಲು ಬೇರೆ ಸಮಯ ಇಲ್ಲ. ನಮ್ಮವರು ಎಡವುವುದು "ಟ್ರೂ, ಫಾಲ್ಸ್, ನಾಟ್ ಗಿವನ್" ಪ್ರಶ್ನೆಗಳಲ್ಲಿ. ಬೇಕಲ ಕೋಟೆಯನ್ನು ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಎಂದಷ್ಟೇ ಲೇಖನದಲ್ಲಿ ಇದೆ ಎನ್ನಿ. "ಇದು ಕೇರಳದ ಅತಿದೊಡ್ಡ ಕೋಟೆ" ಎಂಬ ಹೇಳಿಕೆಗೆ ಉತ್ತರ ನಾಟ್ ಗಿವನ್. ಅದು ನಿಜವೆಂದು ಕಾಸರಗೋಡಿನ ಮಗುವಿಗೂ ಗೊತ್ತು, ಆದರೆ ಲೇಖನ ಹೇಳಿಲ್ಲ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ.

ಲಿಸನಿಂಗ್‌ನಲ್ಲಿ ಧ್ವನಿಮುದ್ರಣವನ್ನು ಒಂದೇ ಸಲ ಕೇಳಿಸುತ್ತಾರೆ. ನಿಮ್ಮ 7 ಉಳಿಯಬೇಕಾದರೆ ಕಾಗುಣಿತ ಮತ್ತು ಬಹುವಚನದ "ಎಸ್" ಕಡೆ ಗಮನವಿರಲಿ. ಕೇಳಿಸಿಕೊಂಡದ್ದು ಸರಿಯಿದ್ದು ಬರೆದದ್ದು ತಪ್ಪಾದರೂ ಅಂಕ ಇಲ್ಲ. "ಥರ್ಟೀನ್", "ಥರ್ಟಿ" ಜೋಡಿಗಳನ್ನು ಬರೆದು ಅಭ್ಯಾಸ ಮಾಡಿ. ಎರಡು ಪದ ಮೀರಬಾರದು ಎಂದಿದ್ದರೆ ಮೂರು ಬರೆಯಬೇಡಿ.

ಅಂಕಪಟ್ಟಿಗೆ ಎರಡು ವರ್ಷ ಮಾನ್ಯತೆ. ಪ್ರವೇಶದ ತಾರೀಕು ನೋಡಿ ಪರೀಕ್ಷೆಯ ದಿನ ಗೊತ್ತು ಮಾಡಿ. ಕಂಪ್ಯೂಟರಿನಲ್ಲಿ ಬರೆದು ಒಂದೇ ವಿಭಾಗದಲ್ಲಿ ಹಿಂದೆ ಬಿದ್ದರೆ 60 ದಿನಗಳೊಳಗೆ ಅದೊಂದನ್ನೇ ಮತ್ತೆ ಬರೆಯುವ ಅವಕಾಶವೂ ಭಾರತದಲ್ಲಿ ಇದೆ. ಅಂಥ ಅಂಕಪಟ್ಟಿಯನ್ನು ನಿಮ್ಮ ವಿಶ್ವವಿದ್ಯಾಲಯ ಒಪ್ಪುತ್ತದೆಯೇ ಎಂದು ಮಿಂಚಂಚೆ ಬರೆದು ಈಗಲೇ ಕೇಳಿಟ್ಟುಕೊಳ್ಳಿ.

ಪ್ರಶ್ನೆ: ನನ್ನ ಮಗಳು ನರ್ಸಿಂಗ್ ಮುಗಿಸಿ ಮಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದಾಳೆ, ಇಂಗ್ಲೆಂಡಿಗೆ ಹೋಗಬೇಕೆಂದಿದ್ದಾಳೆ. ಐಇಎಲ್‌ಟಿಎಸ್ ಒಳ್ಳೆಯದೋ, ಆರೋಗ್ಯ ಕ್ಷೇತ್ರದವರಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆ ಒಇಟಿ ಒಳ್ಳೆಯದೋ?
(ಕೃಷಿಕರು, ಪೆರ್ಲ)

ಉತ್ತರ: ಅಲ್ಲಿನ ನರ್ಸಿಂಗ್ ಮಂಡಳಿ ಎರಡನ್ನೂ ಒಪ್ಪುತ್ತದೆ. ಐಇಎಲ್‌ಟಿಎಸ್ ಅಕಾಡೆಮಿಕ್ ಆದರೆ ರೈಟಿಂಗ್‌ನಲ್ಲಿ 6.5, ಉಳಿದ ಮೂರರಲ್ಲೂ 7 ಬೇಕು. ಒಇಟಿ ಆದರೆ ರೈಟಿಂಗ್‌ನಲ್ಲಿ ಸಿ ಪ್ಲಸ್, ಉಳಿದವುಗಳಲ್ಲಿ ಬಿ. ಒಇಟಿ ಶುಲ್ಕ ಹೆಚ್ಚು, ಅದು ನಿಜ. ಆದರೆ ಅದರ ಬರವಣಿಗೆ ಎಂದರೆ ರೋಗಿಯ ಟಿಪ್ಪಣಿಗಳನ್ನು ನೋಡಿ ಇನ್ನೊಬ್ಬ ವೈದ್ಯರಿಗೋ ನರ್ಸಿಗೋ ಪತ್ರ ಬರೆಯುವುದು. ಮಾತಿನ ಪರೀಕ್ಷೆಯಲ್ಲಿ ರೋಗಿಯೊಂದಿಗೆ ಅಥವಾ ಮನೆಯವರೊಂದಿಗೆ ಮಾತನಾಡುವ ಎರಡು ಸನ್ನಿವೇಶಗಳು. ವಾರ್ಡಿನಲ್ಲಿ ದಿನವೂ ಇದೇ ಕೆಲಸ ಮಾಡುವ ನಿಮ್ಮ ಮಗಳಿಗೆ ಒಇಟಿ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ರಾತ್ರಿ ಪಾಳಿ ಮುಗಿಸಿ ಬಂದ ದಿನ ಮಾತ್ರ ಅವಳನ್ನು ಓದಲು ಕೂರಿಸಬೇಡಿ ಸ್ವಾಮೀ, ಮಲಗಲು ಬಿಡಿ.

ಪ್ರಶ್ನೆ: ನನ್ನ ಇಂಗ್ಲಿಷಿನಲ್ಲಿ ತುಳು, ಕನ್ನಡ, ಮಲಯಾಳಗಳ ರಾಗ ಎಲ್ಲವೂ ಇದೆ ಎಂದು ಗೆಳೆಯರು ನಗುತ್ತಾರೆ. ಸ್ಪೀಕಿಂಗ್‌ನಲ್ಲಿ ಅಂಕ ಹೋಗುತ್ತದೆಯೇ?
(ವಿದ್ಯಾರ್ಥಿ, ಉಪ್ಪಳ)

ಉತ್ತರ: ರಾಗಕ್ಕೆ ಅಂಕ ಹೋಗುವುದಿಲ್ಲ. ಕೇಳುವವರಿಗೆ ಸಲೀಸಾಗಿ ತಿಳಿಯುತ್ತದೆಯೇ ಎಂಬುದನ್ನು ಅಳೆಯುತ್ತಾರೆ. ಬ್ರಿಟಿಷರಂತೆ ನಾಲಿಗೆ ಹೊರಳಿಸಲು ಹೋಗಿ ಇದ್ದ ಸ್ಪಷ್ಟತೆಯನ್ನೂ ಕೆಡಿಸಿಕೊಳ್ಳಬೇಡಿ. ತಿದ್ದಿಕೊಳ್ಳಬೇಕಾದದ್ದು ಸ್ವಲ್ಪವೇ: "ಎಗ್" ಎನ್ನುವಲ್ಲಿ "ಯೆಗ್", "ಓನ್ಲಿ" ಎನ್ನುವಲ್ಲಿ "ವೋನ್ಲಿ" ಬರದಂತೆ ನೋಡಿಕೊಳ್ಳಿ, ಪದದಲ್ಲಿ ಯಾವ ಭಾಗಕ್ಕೆ ಒತ್ತು ಎಂಬುದನ್ನು ನಿಘಂಟಿನಲ್ಲಿ ಗುರುತಿಸಿಕೊಳ್ಳಿ. "ಫೋಟೊಗ್ರಾಫ್" ಎನ್ನುವಾಗ ಒತ್ತು ಮೊದಲ ಅಕ್ಷರಕ್ಕೆ, "ಫೊಟಾಗ್ರಫರ್" ಎನ್ನುವಾಗ ಎರಡನೆಯದಕ್ಕೆ.

ಪರೀಕ್ಷೆ 11ರಿಂದ 14 ನಿಮಿಷ. ಎರಡನೆಯ ಭಾಗದಲ್ಲಿ ಒಂದು ಕಾರ್ಡ್ ಕೊಡುತ್ತಾರೆ, ಸಿದ್ಧತೆಗೆ ಒಂದು ನಿಮಿಷ, ಬಳಿಕ ಒಂದರಿಂದ ಎರಡು ನಿಮಿಷ ನೀವೊಬ್ಬರೇ ಮಾತನಾಡಬೇಕು. ನಮ್ಮ ಹುಡುಗರು ಅರ್ಧ ನಿಮಿಷಕ್ಕೇ ನಿಂತುಬಿಡುತ್ತಾರೆ, ಏಕೆಂದರೆ ಪ್ರವಾಸಕ್ಕೆ ತಾಜ್ ಮಹಲನ್ನೂ ಉತ್ಸವಕ್ಕೆ ದೀಪಾವಳಿಯ ಗೈಡಿನ ಸಾಲುಗಳನ್ನೂ ಆರಿಸುತ್ತಾರೆ. ನೀವು ಕಂಡ ಯಕ್ಷಗಾನವನ್ನು, ಅನಂತಪುರದ ಕೆರೆಯ ನಡುವಿನ ದೇವಸ್ಥಾನವನ್ನು ಆರಿಸಿ. ಚೆಂಡೆ ಎಂದರೇನು, ಬಣ್ಣದ ವೇಷ ಹೇಗಿರುತ್ತದೆ, ಆಟ ಬೆಳಗಿನವರೆಗೆ ನಡೆದರೆ ಮಕ್ಕಳು ಎಲ್ಲಿ ಮಲಗುತ್ತಾರೆ ಎಂದು ಏನೂ ಗೊತ್ತಿಲ್ಲದವರಿಗೆ ಬಿಡಿಸಿ ಹೇಳುತ್ತಾ ಹೋದರೆ ಎರಡು ನಿಮಿಷ ಸಾಲದೆ ಹೋಗುತ್ತದೆ. ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಕೇಳಿ, ಎಲ್ಲಿ ತಡವರಿಸಿದಿರೋ ಆ ಭಾಗವನ್ನು ಮಾತ್ರ ಮತ್ತೆ ಹೇಳಿ. ನಗುವ ಗೆಳೆಯರಲ್ಲೇ ಒಬ್ಬನನ್ನು ಎದುರಿಗೆ ಕೂರಿಸಿ ಪ್ರಶ್ನೆ ಕೇಳಿಸಿಕೊಳ್ಳಿ.